ತೊಳೆದರೆ ಹೋಗದ್ದು

"ನೀವು ಹೇಳಿದ್ದೆಲ್ಲ ಸರಿ. ಆದರೆ ನಕ್ಕಿರಲ್ಲ... ಅದು ಯಾಕೆ?"

ಸಭಾಂಗಣದ ಹಿಂದಿನ ಸಾಲಿನಿಂದ ಬಂದ ಆ ದನಿಗೆ ಹಿಸ್ಕೆಯ ಕೈ ಅಲ್ಲೇ ನಿಂತಿತು.

ಅವಳ ಕೈಯಲ್ಲೊಂದು ನೀಲಿ ಬಾಟಲಿಯಿತ್ತು. ಅದರ ಮೇಲಿದ್ದುದನ್ನು ಅವಳು ಈಗಷ್ಟೇ ನಾಟಕದವರ ಧಾಟಿಯಲ್ಲಿ ಓದಿ ಹೇಳಿದ್ದಳು: 'ಏಳು ತಲೆಮಾರಿನ ವಂಶವಾಹಿಗಳ ಕೊಳೆ ತೊಳೆಯುವ ನೀರು!' ವರ್ಕುಮ್ ಊರಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳೂ ನಕ್ಕಿದ್ದಳು.

ಪ್ರಶ್ನೆ ಕೇಳಿದವನು ಎದ್ದು ನಿಂತಿದ್ದ. ಎತ್ತರದ ಆಳು, ನಲವತ್ತರ ಆಸುಪಾಸು. ದೊಡ್ಡ ಕೈಗಳು, ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಅವನ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಆ ನೀರನ್ನ ನನ್ನ ಮೆಮ್ ಎರಡು ವರ್ಷ ಕುಡಿದಳು" ಎಂದ. ನಮ್ಮ ಫ್ರೀಸ್‌ಲಾಂಡ್ ಸೀಮೆಯ ಮಕ್ಕಳು ಅಮ್ಮನನ್ನು ಕರೆಯುವುದೇ ಹಾಗೆ. "ಅವಳು ಪೆದ್ದಿ ಆಗಿರಲಿಲ್ಲ. ಈ ಊರಿನ ಮಕ್ಕಳಿಗೆ ಲೆಕ್ಕ ಕಲಿಸಿದವಳು. ಈಗ ನಕ್ಕವರಲ್ಲಿ ಎಷ್ಟು ಜನ ಅವಳ ಹತ್ತಿರ ಮಗ್ಗಿ ಹೇಳಿಸಿಕೊಂಡಿದಾರೋ, ಅವರೇ ನೆನಪು ಮಾಡಿಕೊಳ್ಳಲಿ."

ಸಭೆಯಲ್ಲಿ ಯಾರೋ ಕೆಮ್ಮಿದರು. ಯಾರೋ ಕಾಫಿ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು.

ಅವನು ಕೋಟು ಹಾಕಿಕೊಂಡು ಹೊರಟೇಬಿಟ್ಟ.

ಹಿಸ್ಕೆ ಆ ಬಾಟಲಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸುಮ್ಮನೆ ನಿಂತಳು.

*

ಲೇವಾರ್ಡನ್ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿಸ್ಕೆ ವಂಶವಾಹಿ ಸಲಹೆಗಾರ್ತಿ. ಈ ಸೀಮೆಯ ಕೆಲವು ಹಳೆಯ ಮನೆತನಗಳಲ್ಲಿ ಹೃದಯದ ಸ್ನಾಯುವನ್ನೇ ದುರ್ಬಲಗೊಳಿಸುವ ದೋಷವೊಂದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿದೆ. ಅದು ಬಂದವರಲ್ಲಿ ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರ ಎದೆ ಮಾತ್ರ ಯಾವುದೋ ಒಂದು ಸಾಮಾನ್ಯ ದಿನ, ಸಾಮಾನ್ಯ ಕೆಲಸದ ನಡುವೆ, ತಾಳ ತಪ್ಪಿಬಿಡುತ್ತದೆ.

ಪರೀಕ್ಷೆ ಇದೆ. ಔಷಧಿ ಇದೆ. ಬೇಕಾದವರಿಗೆ ಎದೆಯೊಳಗೆ ಕೂರಿಸುವ ಸಣ್ಣ ಯಂತ್ರವೂ ಇದೆ.

ಆದರೂ ಜನ ಆ ನೀಲಿ ಬಾಟಲಿ ಮಾರುವ ಒಡಿಲಿಯಾಳ ಮನೆಗೆ ಹೋಗುತ್ತಿದ್ದರು! ಗಾಸ್ಟರ್‌ಲಾಂಡಿನ ಕಾಡಿನಂಚಿನಲ್ಲಿ ಆಕೆಯ ಮನೆ. ಮೆತ್ತಗಿನ ಮಾತು, ಮೆತ್ತಗಿನ ಕೈ. "ಹಿರಿಯರ ಕ್ಷಮಿಸದ ಸಿಟ್ಟು ನಿಮ್ಮ ಜೀನಿನಲ್ಲಿ ಕೂತಿದೆ. ಅದನ್ನು ತೊಳೆಯೋಣ" ಎನ್ನುತ್ತಿದ್ದಳು.

ಅದಕ್ಕೇ ಹಿಸ್ಕೆ ವಾರವಿಡೀ ಆಸ್ಪತ್ರೆಯಲ್ಲಿ ದುಡಿದು, ಶನಿವಾರಗಳಲ್ಲಿ ಊರೂರಿಗೆ ಹೋಗಿ ಮಾತಾಡುತ್ತಿದ್ದಳು. ವರ್ಷಗಳೇ ಆಗಿದ್ದವು. ಅದೇ ಪ್ರಶ್ನೆಗಳು, ಅವೇ ಉತ್ತರಗಳು. ನೀಲಿ ಬಾಟಲಿಯ ಬಣ್ಣ ಬಯಲು ಮಾಡಿದರೆ ಮುಂದಿನ ತಿಂಗಳು ಹಸಿರು ಬಾಟಲಿ!

ಅವಳು ದಣಿದಿದ್ದಳು. ಮೂವತ್ತೊಂಬತ್ತನೆಯ ವಯಸ್ಸಿಗೆ ಎಪ್ಪತ್ತರವರ ದಣಿವು.

'ನಗಿಸಿದರೆ ಬೇಗ ಮುಗಿಯುತ್ತೆ... ಅದಕ್ಕೇ ನಗಿಸಿದೆ' ಎಂದು ಅವತ್ತು ಮನೆಗೆ ಹೋಗುವಾಗ ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಇನ್ನಷ್ಟು ಕುಗ್ಗಿದಳು.

*

ಅವನ ಹೆಸರು ಗೆರ್ಲೋಫ್. ವರ್ಕುಮ್ ಬಂದರಿನ ಬಳಿ ದೋಣಿಗಳ ಹಾಯಿ ಹೊಲಿಯುವ ಅಂಗಡಿ ಅವನದು. ಹುಡುಕುವುದೇನೂ ಕಷ್ಟವಾಗಲಿಲ್ಲ.

ಹಿಸ್ಕೆ ಒಂದು ದೊಡ್ಡ ಕೇಕು ಹಿಡಿದು ಬಾಗಿಲಲ್ಲಿ ನಿಂತಳು. ಮೇಲೆ ಗುಲಾಬಿ ಬಣ್ಣದ ಸಕ್ಕರೆ ಹಚ್ಚಿದ, ಈ ಸೀಮೆಯವರು ಮದುವೆ ಹಬ್ಬಕ್ಕೆಲ್ಲ ತರುವ ಕಿತ್ತಳೆ ಸಿಪ್ಪೆಯ ಕೇಕು.

ನೆಲದ ತುಂಬ ಹರಡಿದ್ದ ಬಿಳಿ ಹಾಯಿಯ ನಡುವೆ ಮಂಡಿಯೂರಿದ್ದ ಗೆರ್ಲೋಫ್ ತಲೆಯೆತ್ತಿದ.

"ಕೇಕು ಯಾಕೆ? ಯಾರದ್ದಾದ್ರೂ ಮದುವೆನಾ?"

"ಕ್ಷಮೆ ಕೇಳೋಕೆ ಬಂದೆ."

"ಕ್ಷಮೆಗೆ ಇಷ್ಟು ದೊಡ್ಡ ಕೇಕಾ?"

"ತಪ್ಪು ದೊಡ್ಡದಿತ್ತಲ್ಲ..."

ಅವನ ತುಟಿಯ ಅಂಚು ಸ್ವಲ್ಪ ಅಲುಗಿತು. ಹಾಯಿ ಕತ್ತರಿಸುವ ಚಾಕುವನ್ನು ಪ್ಯಾಂಟಿಗೆ ಒರೆಸಿ, ಅದರಿಂದಲೇ ಕೇಕು ಹೆಚ್ಚಿದ.

ಹಿಂದಿನ ಕೋಣೆಯಿಂದ ಒಬ್ಬ ಹೆಂಗಸು ಬಂದಳು. ಅವನದೇ ಎತ್ತರ, ಅವನದೇ ಬೂದುಗಣ್ಣು. ಹಿಸ್ಕೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇವಳೇನಾ ಬಾಟಲಿಯವಳು?"

"ನಿಂಕೆ, ಬಾಯಿ ಮುಚ್ಚು" ಎಂದ ಗೆರ್ಲೋಫ್. ಆಮೇಲೆ ಹಿಸ್ಕೆಯ ಕಡೆ ತಿರುಗಿ, "ನನ್ನ ತಂಗಿ. ಸೂಜಿಗಿಂತ ಇವಳ ನಾಲಿಗೆ ಚೂಪು" ಎಂದ.

"ನಾಲಿಗೆ ಚೂಪಾಗಿದ್ರೂ ಇನ್ನೊಬ್ಬರ ಅಮ್ಮನ ಮೇಲೆ ಆಡಿಸಲ್ಲ ನಾನು." ನಿಂಕೆ ದೊಡ್ಡ ತುಂಡೊಂದನ್ನು ಎತ್ತಿಕೊಂಡು ಹಿಂದೆ ತಿರುಗಿ ನೋಡದೆ ಹೋದಳು.

ಕೇಕು ತಿನ್ನುತ್ತ ಗೆರ್ಲೋಫ್ ನಿಧಾನವಾಗಿ ಹೇಳಿದ. "ನಾನೂ ನಕ್ಕಿದ್ದೆ. ಮೆಮ್ ಆ ನೀರು ತಂದ ದಿನ ನಕ್ಕೆ, ಆಮೇಲೆ ಕೂಗಾಡಿದೆ. ಅವತ್ತಿಂದ ಅವಳು ನನಗೆ ಏನೂ ಹೇಳೋದನ್ನೇ ಬಿಟ್ಟಳು. ತಲೆ ಸುತ್ತಿದ್ದು, ಉಸಿರು ಕಟ್ಟಿದ್ದು... ಯಾವುದನ್ನೂ. ಆಲೂಗಡ್ಡೆ ಸುಲೀತಾ ಸುಲೀತಾ ಅಡುಗೆಮನೇಲೇ ಹೋಗಿಬಿಟ್ಟಳು."

ಹಿಸ್ಕೆ ತನ್ನ ತುಂಡನ್ನು ಕೆಳಗಿಟ್ಟಳು. ಸಮಜಾಯಿಷಿ ಕೊಡದೆ ಬರೀ ಕೇಳಿಸಿಕೊಂಡದ್ದು ಅವಳಿಗೇ ಹೊಸದಾಗಿತ್ತು.

*

ಆಮೇಲೆ ಅವಳ ಭಾಷಣಗಳಲ್ಲಿ ಬಾಟಲಿ ಬರಲಿಲ್ಲ. ಬಂದವರು ಏನಕ್ಕೆ ಹೆದರಿದ್ದಾರೆ ಎಂದು ಮೊದಲು ಕೇಳುತ್ತಿದ್ದಳು. ಸಭೆ ಮುಗಿಯುವುದು ತಡವಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಗೆರ್ಲೋಫ್ ಕೂತಿರುತ್ತಿದ್ದ.

ಭಾನುವಾರಗಳಲ್ಲಿ ಅವಳು ಅವನ ಅಂಗಡಿಗೆ ಹೋಗುವುದು ರೂಢಿಯಾಯಿತು.

ಒಂದು ಭಾನುವಾರ ಮಾತಾಡುತ್ತ ಮಾತಾಡುತ್ತಲೇ ಮಡಿಸಿಟ್ಟ ಹಾಯಿಗಳ ರಾಶಿಯ ಮೇಲೆ ಅವಳಿಗೆ ನಿದ್ದೆ ಹತ್ತಿತು. ಎದ್ದಾಗ ಸಂಜೆ. ಮೈಮೇಲೆ ಅವನ ಕೋಟು. ಅವನು ಕಿಟಕಿಯ ಬಳಿ ಸದ್ದಿಲ್ಲದೆ ಹೊಲಿಯುತ್ತಿದ್ದ.

"ಅಯ್ಯೋ! ನನ್ನನ್ನ ಎಬ್ಬಿಸಬಾರದಾ?"

"ಯಾಕೆ? ಎಲ್ಲಾದ್ರೂ ಬೆಂಕಿ ಬಿದ್ದಿದೆಯಾ?"

"ನಾನು ಬಂದಿದ್ದು ನಿಮ್ಮ ಜೊತೆ ಮಾತಾಡೋಕೆ..."

"ವಾರ ಪೂರ್ತಿ ಮಾತೇ ಆಡ್ತೀರಲ್ಲ, ಹಿಸ್ಕೆ" ಎಂದ ಅವನು, ದಾರ ಕಚ್ಚಿ ತುಂಡರಿಸುತ್ತ. "ಇಲ್ಲಿ ಬಂದು ಮಲಗಿ. ನನಗೇನೂ ಬೇಜಾರಿಲ್ಲ."

ಅವಳ ಕಣ್ಣು ತುಂಬಿಬಂತು. ತನ್ನಿಂದ ಯಾರೂ ಏನನ್ನೂ ಕೇಳದ ಜಾಗವೊಂದು ಈ ಭೂಮಿಯ ಮೇಲಿದೆ ಎಂಬುದನ್ನೇ ಅವಳು ಮರೆತುಬಿಟ್ಟಿದ್ದಳು.

'ನಾನು ಇವನನ್ನು ಪ್ರೀತಿಸುತ್ತಿದ್ದೇನೆ...' ಆ ಯೋಚನೆ ಬಂದದ್ದೇ ಅವಳು ಹೆದರಿ ಎದ್ದು ಕೂತಳು. ಹಾಗಾದರೆ ಒಂದು ಪ್ರಶ್ನೆ ಕೇಳಲೇಬೇಕಿತ್ತು.

"ಗೆರ್ಲೋಫ್... ನೀವು ಪರೀಕ್ಷೆ ಮಾಡಿಸಿದೀರಾ? ನೀವಾಗಲಿ, ನಿಂಕೆಯಾಗಲಿ?"

ಸೂಜಿ ನಿಂತಿತು.

"ಅದೊಂದು ಕೇಳಬೇಡಿ. ದಯವಿಟ್ಟು."

ಅವಳು ಮತ್ತೆ ಕೇಳಲಿಲ್ಲ. ಆದರೆ ಅವತ್ತಿನಿಂದ ಅವನು ಏಣಿ ಹತ್ತಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

*

ಡಿಸೆಂಬರಿನ ಒಂದು ಗುರುವಾರ. ಗಾಸ್ಟರ್‌ಲಾಂಡಿನ ಕಡೆ ವೃದ್ಧೆಯೊಬ್ಬರನ್ನು ನೋಡಿಕೊಂಡು ಹಿಂದಿರುಗುತ್ತಿದ್ದ ಹಿಸ್ಕೆ ಕಾಡಿನಂಚಿನಲ್ಲಿ ಸಡನ್ನಾಗಿ ಬ್ರೇಕ್ ಹಾಕಿದಳು.

ಒಡಿಲಿಯಾಳ ಮನೆಯ ಮುಂದೆ ಗೆರ್ಲೋಫನ ಹಸಿರು ವ್ಯಾನು!

ಪರದೆಯಿಲ್ಲದ ದೊಡ್ಡ ಕಿಟಕಿ. ಒಳಗೆ ಗೆರ್ಲೋಫ್ ಕಣ್ಣು ಮುಚ್ಚಿ ಕುಳಿತಿದ್ದ. ಎದುರಿಗೆ ಒಡಿಲಿಯಾ. ಅವನ ದೊಡ್ಡ ಕೈಗಳೆರಡೂ ಅವಳ ಕೈಗಳಲ್ಲಿ.

ಹಿಸ್ಕೆ ಕಾರು ತಿರುಗಿಸಿದಳು. ಮನೆ ಮುಟ್ಟಿದ್ದು ಹೇಗೆಂದು ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಳು. "ನಿನ್ನೆ ಎಲ್ಲಿದ್ರಿ?"

ಅವನ ಮುಖ ಬಿಳಿಚಿತು. "ನೋಡಿದ್ರಾ?"

"ಎಷ್ಟು ದಿನದಿಂದ?"

"ಬೇಸಿಗೆಯಿಂದ. ಪ್ರತಿ ಗುರುವಾರ."

"ಶನಿವಾರ ಹಿಂದಿನ ಸಾಲಲ್ಲಿ ಕೂತು ನನ್ನ ಮಾತು ಕೇಳೋದು... ಗುರುವಾರ ಅವಳ ಮುಂದೆ ಕಣ್ಣು ಮುಚ್ಚೋದು! ನಾನು ನಿಮಗೆ ಏನು, ಗೆರ್ಲೋಫ್? ತಮಾಷೆನಾ?"

"ಹಿಸ್ಕೆ, ನಾನು..." ಅವನು ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿದ. "ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ."

"ಯಾರಿಗೆ? ಅವಳಿಗಾ?"

ಅವನು ನೆಲ ನೋಡಿದ.

"ನಂಬಿ, ಬೇಡ ಅನ್ನಲ್ಲ. ನಂಬೋರ ಜೊತೆ ನನಗೆ ಜಗಳ ಇಲ್ಲ, ಅದನ್ನ ನೀವೇ ಕಲಿಸಿದ್ರಿ. ಆದರೆ ನನ್ನ ಹತ್ತಿರ ಮುಚ್ಚಿಟ್ರಲ್ಲ..." ಅವಳ ದನಿ ಒಡೆಯಿತು. "ನನಗೆ ಸಾಕಾಗಿದೆ. ನಿಜವಾಗ್ಲೂ ಸಾಕಾಗಿದೆ."

ಅವಳು ಹೊರಟಳು. ಅವನು ಹಿಂದೆ ಬರಲಿಲ್ಲ.

*

ಆ ಚಳಿಗಾಲದಲ್ಲೂ ಕಾಲುವೆಗಳು ಹೆಪ್ಪುಗಟ್ಟಲಿಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಲು ಸ್ಕೇಟುಗಳನ್ನು ಉಜ್ಜಿಟ್ಟುಕೊಂಡ ಜನ ಮುಖ ಸಪ್ಪಗೆ ಮಾಡಿಕೊಂಡು ತಿರುಗಿದರು. ಬೂದು ಆಕಾಶ, ಬೂದು ನೀರು. ಹಿಸ್ಕೆ ಕೆಲಸಕ್ಕೆ ಹೋದಳು, ಬಂದಳು. ಭಾನುವಾರಗಳಲ್ಲಿ ಮನೆಯಲ್ಲೇ ಮಲಗಿದಳು. ನಿದ್ದೆ ಬರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ, ಬೋಲ್ಸ್‌ವಾರ್ಡಿನಲ್ಲಿ ಭಾಷಣ ಮುಗಿಸಿ ಕುರ್ಚಿಗಳನ್ನು ಜೋಡಿಸುತ್ತಿದ್ದಳು.

"ನನ್ನಣ್ಣ ಈಗ ಹೊಲಿಯೋ ಹಾಯಿ ನೋಡಬೇಕು ನೀವು. ಎಲ್ಲಾ ಸೊಟ್ಟ."

ಹಿಸ್ಕೆ ತಿರುಗಿದಳು. ನಿಂಕೆ! ಹಣೆಯ ಮೇಲೆ ಹಸಿ ಗಾಯ, ಮುಖದಲ್ಲಿ ರಕ್ತವೇ ಇಲ್ಲ.

"ನಿಂಕೆ... ಹಣೆಗೆ ಏನಾಯ್ತು?"

"ಸೈಕಲ್ಲಿಂದ ಬಿದ್ದೆ. ಏರಿ ಮೇಲೆ ಹೋಗ್ತಿದ್ದೆ, ಎಚ್ಚರ ಆದಾಗ ಕೆಳಗೆ ಕುರಿಗಳ ಮಧ್ಯೆ ಇದ್ದೆ." ನಕ್ಕಳು, ಆ ನಗು ನಿಲ್ಲಲಿಲ್ಲ, ಅಳುವಾಯಿತು. "ಗುರುವಾರ ಹೋಗ್ತಿದ್ದಿದ್ದು ನಾನು. ಅವನಲ್ಲ. ನಾನು ಹೋಗೇ ಹೋಗ್ತೀನಿ ಅಂತ ಹಟ ಹಿಡಿದೆ. ಅವನು ಬೈಯ್ಯಲಿಲ್ಲ, ನಗಲಿಲ್ಲ. ವ್ಯಾನಲ್ಲಿ ಕೂರಿಸಿಕೊಂಡು ಹೋಗಿ, ಪಕ್ಕದಲ್ಲಿ ಕೂತು, ಕರಕೊಂಡು ಬರ್ತಿದ್ದ. ಅಣ್ಣನೂ ಕಣ್ಣು ಮುಚ್ಚಿ ಕೂತರೇನೇ ನನಗೆ ಗುಣ ಅಂತ ಅವಳು ಹೇಳಿದ್ದಕ್ಕೆ ಅದನ್ನೂ ಮಾಡಿದ. ನೀವು ಅವತ್ತು ನೋಡಿದಾಗ ನಾನು ಒಳಗಿನ ಕೋಣೇಲಿ ಮಲಗಿದ್ದೆ. ನಿಮಗೆ ಹೇಳಿದರೆ ಅವನ ಹತ್ತಿರ ಮಾತೇ ಬಿಡ್ತೀನಿ ಅಂತ ಆಣೆ ಹಾಕಿಸಿದ್ದೆ."

ಹಿಸ್ಕೆ ಮೆಲ್ಲಗೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. 'ಮೆಮ್ ನನಗೆ ಏನೂ ಹೇಳೋದನ್ನೇ ಬಿಟ್ಟಳು...' ತಂಗಿಯೂ ಹಾಗೆ ಮಾಡದಿರಲಿ ಎಂದೇ ಅವನು ತನ್ನ ಬಾಯಿಗೆ ಬೀಗ ಹಾಕಿಕೊಂಡಿದ್ದ!

"ಬಿದ್ದಿದ್ದು ಹೇಳಿದ್ದಕ್ಕೆ ಒಡಿಲಿಯಾ ಏನಂದಳು ಗೊತ್ತಾ?" ನಿಂಕೆ ಮೂಗು ಒರೆಸಿಕೊಂಡಳು. "ಒಳ್ಳೇದೇ, ಹಳೇ ಜೀನು ಹೊರಗೆ ಹೋಗ್ತಿದೆ ಅಂದಳು. ಅಣ್ಣನ ಸಿಟ್ಟೇ ಮೆಮ್‌ನ ಎದೆ ನಿಲ್ಲಿಸಿತು, ಈಗ ನಿನ್ನದನ್ನೂ ನಿಲ್ಲಿಸುತ್ತೆ, ಅವನ ಸಂಬಂಧ ಕಡಿದುಕೋ ಅಂದಳು. ಅವನ ಎದುರಿಗೇ! ನನ್ನನ್ನ ನೋಡಿ ನಗದೇ ಇದ್ದವನು ಅವನೊಬ್ಬನೇ. ಅವನನ್ನೇ ಬಿಡು ಅಂದಳಲ್ಲ... ಎದ್ದು ಬಂದುಬಿಟ್ಟೆ."

ಹಿಸ್ಕೆ ಅವಳ ತೋಳು ಹಿಡಿದಳು. "ನಿಂಕೆ, ಉಳಿದದ್ದೆಲ್ಲ ಆಮೇಲೆ. ಈಗ ಕಾರು ಹತ್ತಿ. ನೇರ ಆಸ್ಪತ್ರೆಗೆ."

"ಈಗಲೇನಾ?"

"ಈಗಲೇ."

ದಾರಿಯಲ್ಲಿ ನಿಂಕೆ ಮಗುವಿನ ಹಾಗೆ ಕೇಳಿದಳು. "ಒಂದು ಹೇಳಿ. ಮೆಮ್ ಅವಳ ಅಪ್ಪನ್ನ ಕೊನೇವರೆಗೂ ಕ್ಷಮಿಸಲಿಲ್ಲ. ಅದು ಜೀನಲ್ಲಿ ಕೂತು ನಮಗೆ ಬಂತಾ? ಯೋಚನೆಯಿಂದ ಜೀನು ಬದಲಾಗುತ್ತೆ, ವಿಜ್ಞಾನವೇ ಹೇಳಿದೆ ಅಂತಾಳೆ ಅವಳು."

ಈ ಪ್ರಶ್ನೆಗೆ ಹಿಸ್ಕೆ ನೂರಾರು ಸಲ ಉತ್ತರ ಕೊಟ್ಟಿದ್ದಳು. ಇವತ್ತು ಮೊದಲ ಸಲ ಕೊಡುತ್ತಿರುವಂತೆ ಕೊಟ್ಟಳು.

"ದೇಹ ಕೆಲವು ಜೀನುಗಳ ಕೆಲಸ ಹೆಚ್ಚು ಕಡಿಮೆ ಮಾಡುತ್ತೆ, ಅದು ನಿಜ. ಆ ನಿಜದ ತುಂಡು ಹಿಡಕೊಂಡೇ ಅವರು ಸುಳ್ಳು ಹೊಲೀತಾರೆ. ನಿಮ್ಮ ಅಂಗಡೀಲಿ ಹಾಯಿಯ ಬಟ್ಟೆ ಅಳತೆ ತಪ್ಪಿ ಕತ್ತರಿಸಿದರೆ ತೊಳೆದು ಸರಿಮಾಡೋಕೆ ಆಗುತ್ತಾ?"

"ಇಲ್ಲ."

"ಹೊಲಿಯೋವಾಗ ಯಾರೋ ಸಿಟ್ಟಲ್ಲಿದ್ದರು ಅಂತ ಆಕಾರ ಬದಲಾಗುತ್ತಾ?"

"ಹುಚ್ಚಾ! ಇಲ್ಲ."

"ಇದೂ ಹಾಗೇ. ಎಷ್ಟೋ ತಲೆಮಾರಿನ ಹಿಂದೆ, ಹೆಸರೂ ಗೊತ್ತಿಲ್ಲದ ಯಾರಲ್ಲೋ ಜೀನಿನ ಒಂದು ಚೂರು ಬಿಟ್ಟುಹೋಯ್ತು. ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ. ಮಗು ಹೊಟ್ಟೇಲಿ ಮೂಡೋವಾಗಲೇ ತೀರ್ಮಾನ ಆಗಿರುತ್ತೆ, ನಾಣ್ಯ ಚಿಮ್ಮಿದ ಹಾಗೆ. ನಿಮ್ಮ ಮೆಮ್ ಏನೂ ತಪ್ಪು ಮಾಡಲಿಲ್ಲ, ನಿಂಕೆ. ನಿಮ್ಮ ಅಣ್ಣನೂ ಅಷ್ಟೇ."

"ಹಾಗಾದರೆ ಏನೂ ಮಾಡೋಕೇ ಆಗಲ್ವಾ?"

"ಯಾಕಾಗಲ್ಲ? ಗಾಳಿ ಜೋರಾದರೆ ನೀವು ಹಾಯಿ ಇಳಿಸಲ್ವಾ?"

ನಿಂಕೆ ಕಿಟಕಿಗೆ ಹಣೆ ಒರಗಿಸಿ ಅತ್ತಳು. ಬಹಳ ದಿನಗಳ ಅಳು ಅದು.

*

ಆಸ್ಪತ್ರೆಯಲ್ಲಿ ನಿಂಕೆಯ ಎದೆಗೆ ಯಂತ್ರ ಜೋಡಿಸಿ ತಾಳ ನೋಡಿದ ಹೃದಯದ ಡಾಕ್ಟರ್ ಸೀಬ್ರೆನ್ ಹುಬ್ಬು ಗಂಟಿಕ್ಕಿದರು. "ಸರಿಯಾದ ಸಮಯಕ್ಕೆ ಬಂದಿದ್ದಾರೆ. ಮನೆಗೆ ಕಳಿಸೋ ಮಾತೇ ಇಲ್ಲ" ಎಂದರು.

ಗೆರ್ಲೋಫ್ ಓಡಿಬಂದ. ತಂಗಿಯನ್ನು ನೋಡಿ, ಡಾಕ್ಟರರ ಮಾತು ಕೇಳಿ ಹೊರಗೆ ಬಂದವನು ಹಜಾರದಲ್ಲಿ ಗೋಡೆಗೆ ಒರಗಿ ನಿಂತ. ಸೊರಗಿದ್ದ. ಗಡ್ಡ ಬಂದಿತ್ತು.

"ನಿಂಕೆ ಎಲ್ಲಾ ಹೇಳಿದಳು" ಎಂದಳು ಹಿಸ್ಕೆ. "ನನ್ನನ್ನ ಕ್ಷಮಿಸಿ ಅನ್ನೋಕೂ ನಾಚಿಕೆಯಾಗ್ತಿದೆ."

"ನೀವು ಕಂಡಿದ್ದು ಪೂರ್ತಿ ಸುಳ್ಳೇನಲ್ಲ." ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. "ಆ ನೀರನ್ನ ನಾನು ನಂಬಲಿಲ್ಲ. ಆದರೆ ನನ್ನ ಸಿಟ್ಟೇ ಮೆಮ್‌ನ ಕೊಂದಿತು ಅಂದಳಲ್ಲ... ಅದನ್ನ ನಂಬಿದೆ. ಹೋದಾಗೆಲ್ಲ ಅದನ್ನೇ ಹೇಳ್ತಿದ್ದಳು. ಶನಿವಾರ ನಿಮ್ಮ ಮಾತು ಕೇಳೋವಾಗ ಸುಳ್ಳು ಅನ್ನಿಸ್ತಿತ್ತು. ಮನೆಗೆ ಹೋಗಿ ಆ ಅಡುಗೆಮನೆ ನೋಡಿದರೆ ಮತ್ತೆ ನಿಜ ಅನ್ನಿಸ್ತಿತ್ತು."

ಹಿಸ್ಕೆ ಹತ್ತಿರ ಹೋದಳು.

"ನೀವು ಸಿಟ್ಟಾದ್ರಿ. ಅವರು ನೊಂದರು, ನಿಮ್ಮಿಂದ ಮುಚ್ಚಿಟ್ಟರು. ಆ ದುಃಖ ನಿಮ್ಮದೇ, ಅದನ್ನ ನಾನು ತೆಗೆಯೋಕಾಗಲ್ಲ. ಆದರೆ ಅವರ ಎದೆ ನಿಂತಿದ್ದು ನಿಮ್ಮ ಮಾತಿನಿಂದಲ್ಲ, ಗೆರ್ಲೋಫ್. ನೀವು ಹುಟ್ಟೋಕೂ ಮುಂಚೆ, ಅವರು ಹುಟ್ಟೋಕೂ ಮುಂಚೆ ಅದು ಅಲ್ಲಿತ್ತು."

ಆ ಎತ್ತರದ ಮನುಷ್ಯ ಬಗ್ಗಿ, ಅವಳ ಹೆಗಲ ಮೇಲೆ ಹಣೆಯಿಟ್ಟ. ಸದ್ದಿಲ್ಲದೆ ಅತ್ತ. ಅವಳು ಕದಲದೆ ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಅವನು ತಲೆಯೆತ್ತಿದ. "ನಿಂಕೆಯ ಪರೀಕ್ಷೆ, ಸಲಹೆ... ಎಲ್ಲಾ ನೀವೇ ನೋಡ್ತೀರಲ್ಲ?"

"ಇಲ್ಲ. ನನ್ನ ಜೊತೆ ಕೆಲಸ ಮಾಡೋ ಇನ್ನೊಬ್ಬರು ನೋಡ್ತಾರೆ."

"ಯಾಕೆ?"

"ನಮ್ಮಲ್ಲೊಂದು ನಿಯಮ ಇದೆ. ಸ್ವಂತದವರನ್ನ ನಾವು ನೋಡೋ ಹಾಗಿಲ್ಲ."

ಅವನು ಅರ್ಥವಾಗದೆ ಅವಳನ್ನೇ ನೋಡಿದ. "ನಿಂಕೆ ನಿಮಗೆ... ಏನಾಗಬೇಕು?"

ಹಿಸ್ಕೆಯ ಕೆನ್ನೆ ಬಿಸಿಯಾಯಿತು. ಇಷ್ಟು ವರ್ಷ ಸಾವಿರ ಜನರೆದುರು ಮಾತಾಡಿದವಳಿಗೆ ಈ ಒಂದು ಮಾತಿಗೆ ಧೈರ್ಯ ಒಟ್ಟುಗೂಡಿಸಬೇಕಾಯಿತು.

"ಅದನ್ನ ನೀನು ಹೇಳಬೇಕು, ಗೆರ್ಲೋಫ್."

ನೀನು!

ಅವನು ಅವಳ ಕೈ ಹಿಡಿದುಕೊಂಡ. "ನಾದಿನಿ" ಎಂದ, ಬಹಳ ಮೆಲ್ಲಗೆ. "ನಿನಗೆ ಒಪ್ಪಿಗೆ ಇದ್ದರೆ... ನಾದಿನಿ."

*

ನಿಂಕೆಯ ಎದೆಯೊಳಗೆ ಪುಟ್ಟ ಯಂತ್ರ ಕೂತಿತು. "ನನ್ನ ನಾಲಿಗೆಗೂ ಒಂದು ಹಾಕಿ ಅಂತ ಅಣ್ಣ ಕೇಳಿದನಂತೆ, ಹೌದಾ?" ಎಂದು ಡಾಕ್ಟರರನ್ನೇ ಕಾಡಿದಳು.

ಗೆರ್ಲೋಫ್ ತಾನಾಗಿಯೇ ರಕ್ತ ಕೊಟ್ಟ. ಏಪ್ರಿಲ್‌ನಲ್ಲಿ ಫಲಿತಾಂಶ ಬಂತು.

ಅವತ್ತು ಹಿಸ್ಕೆ ಮೇಜಿನ ಈಚೆ ಬದಿಯಲ್ಲಿ, ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವನಲ್ಲೂ ಆ ದೋಷವಿತ್ತು. ಹೃದಯ ಸದ್ಯಕ್ಕೆ ಗಟ್ಟಿಯಾಗಿದೆ, ವರ್ಷಕ್ಕೊಮ್ಮೆ ಬಂದು ತೋರಿಸಬೇಕು, ಮುಂದಿನದನ್ನು ಮುಂದೆ ನೋಡೋಣ ಎಂದರು ಅವಳ ಸಹೋದ್ಯೋಗಿ. ಅವಳೇ ಎಷ್ಟೋ ಜನರಿಗೆ ಹೇಳಿದ್ದ ಮಾತುಗಳು. ಈ ಕುರ್ಚಿಯಲ್ಲಿ ಕೂತು ಕೇಳಿದರೆ ಅವು ಎಷ್ಟು ಭಾರವೆಂದು ಅವಳಿಗೆ ಈಗ ಗೊತ್ತಾಯಿತು.

ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಗಾಳಿ ಜೋರಾಗಿ ಬೀಸುತ್ತಿತ್ತು.

"ಏನಾದ್ರೂ ಹೇಳು, ಹಿಸ್ಕೆ. ಎಲ್ಲರಿಗೂ ಹೇಳ್ತೀಯಲ್ಲ."

"ಅವರಿಗೆ ಹೇಳೋದನ್ನೆಲ್ಲ ಒಳಗೆ ಹೇಳಿಬಿಟ್ಟರು. ನನ್ನ ಹತ್ತಿರ ಉಳಿದಿರೋದು ಒಂದೇ."

"ಏನದು?"

"ಹೆದರಿಕೆ ಆಗ್ತಿದೆ."

ಅವನು ಅವಳ ತಣ್ಣಗಿನ ಬೆರಳುಗಳನ್ನು ತನ್ನ ಕೋಟಿನ ಜೇಬಿಗೆ ಎಳೆದುಕೊಂಡ. "ನನಗೂ."

ಆಮೇಲೆ ಅವನೇ ಕೇಳಿದ.

"ಹಸಿವಾಗ್ತಿದೆಯಾ? ನಿಂಕೆ ಬಟಾಣಿ ಸಾರು ಮಾಡಿಟ್ಟಿದಾಳೆ. ಉಪ್ಪು ಜಾಸ್ತಿ ಇರುತ್ತೆ, ಮೊದಲೇ ಹೇಳಿದೀನಿ."

"ಬರ್ತೀನಿ."

"ಬಂದು... ಇರ್ತೀಯಾ?"

"ಊಟದವರೆಗಾ?"

"ಅಲ್ಲ" ಎಂದ ಗೆರ್ಲೋಫ್. "ನನಗೆ ಎಷ್ಟು ದಿನ ಇದೆಯೋ, ಅಷ್ಟೂ ದಿನ."

ಹಿಸ್ಕೆ ಅವನ ತೋಳಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು.

"ಇರ್ತೀನಿ. ಆದರೆ ಈಗ ಐದು ನಿಮಿಷ ಅಲುಗಾಡಬೇಡ, ಗೆರ್ಲೋಫ್... ತುಂಬಾ ದಣಿದಿದೀನಿ."

"ಮಲಗು" ಎಂದ ಅವನು. "ನಾನೆಲ್ಲೂ ಹೋಗಲ್ಲ."